ತಲೆ ಬಿಟ್ಟು ಹೋಗದ ಹಾಡು

ಕೇಳುಗರಿಗೆಲ್ಲ ನಮಸ್ಕಾರ.

ಕಾಸರಗೋಡಿನಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಮಲಯಾಳಂ ಹಾಡು ಕೇಳುತ್ತಿರುತ್ತೀರಿ. ಅರ್ಧ ಆಗುವಾಗ ನಿಮ್ಮ ಸ್ಟಾಪು ಬರುತ್ತದೆ, ಇಳಿಯುತ್ತೀರಿ. ಸಂಜೆ ಅಡಿಕೆ ಸುಲಿಯಲು ಕೂತರೆ ಅದೇ ಎರಡು ಸಾಲು ತಲೆಯೊಳಗೆ ಸುತ್ತಲು ಶುರು. ನಮ್ಮ ಊರಿನಲ್ಲಿ ಮನೆಯಲ್ಲೊಂದು ಭಾಷೆ, ಪೇಟೆಯಲ್ಲೊಂದು ಭಾಷೆ. ಹಾಡು ಅದನ್ನೆಲ್ಲ ನೋಡುವುದಿಲ್ಲ. ಅರ್ಥ ಪೂರ್ತಿ ತಿಳಿಯದ ಹಾಡೂ ಅಂಟಿಕೊಳ್ಳುತ್ತದೆ, ಅಲ್ವಾ?

ಇದು ಕಾಯಿಲೆ ಅಲ್ಲ. ಫಿನ್ಲೆಂಡಿನಲ್ಲಿ 12 ಸಾವಿರಕ್ಕೂ ಜಾಸ್ತಿ ಜನರನ್ನು ಕೇಳಿ ನೋಡಿದ್ದಾರೆ. ಹತ್ತರಲ್ಲಿ ಒಂಬತ್ತು ಮಂದಿ ವಾರಕ್ಕೆ ಒಮ್ಮೆಯಾದರೂ ಹೀಗಾಗುತ್ತದೆ ಎಂದರು.

ತಲೆಯೊಳಗೆ ಆಗ ಏನು ನಡೆಯುತ್ತದೆ? 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಒಂದು ಚಂದದ ಪ್ರಯೋಗದ ವಿವರ ಪ್ರಕಟಿಸಿದರು. ಜನರನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಹಾಡು ಕೇಳಿಸಿದರು. ನಡುನಡುವೆ ಹಾಡನ್ನು ಕೆಲವು ಸೆಕೆಂಡು ನಿಲ್ಲಿಸಿಬಿಟ್ಟರು. ಗೊತ್ತಿಲ್ಲದ ಹಾಡಾದರೆ ಅಲ್ಲಿ ಬರೇ ಮೌನ. ಗೊತ್ತಿರುವ ಹಾಡಾದರೆ, ಸದ್ದೇ ಇಲ್ಲದ ಆ ಜಾಗದಲ್ಲೂ ಮಿದುಳಿನ ಕೇಳುವ ಭಾಗ ಕೆಲಸ ಮಾಡುತ್ತಲೇ ಇತ್ತು. ಬಿಟ್ಟ ಜಾಗವನ್ನು ಮಿದುಳು ತಾನೇ ಹಾಡಿ ತುಂಬಿಸಿಕೊಂಡಿತು. ಹಾಗಾಗಿ ನಿಮಗೆ ಹಾಡು ಕೇಳಿಸುತ್ತದೆ ಎಂದರೆ ಅದು ಸುಮ್ನೆ ಹೇಳುವ ಮಾತಲ್ಲ.

ಆದರೆ ಎಲ್ಲ ಹಾಡೂ ಅಂಟುವುದಿಲ್ಲ. ಇಂಗ್ಲೆಂಡಿನ ಸಂಶೋಧಕರು ಸುಮಾರು 3,000 ಜನರಿಂದ ಇಂಥ ಹಾಡುಗಳ ಹೆಸರು ಪಡೆದರು. ಅಷ್ಟೇ ಜನಪ್ರಿಯವಾಗಿದ್ದರೂ ಯಾರೂ ಹೆಸರಿಸದ ಹಾಡುಗಳ ಜೊತೆ ಹೋಲಿಸಿದರು. 2016ರಲ್ಲಿ ಬಂದ ಅವರ ಉತ್ತರ ಹೀಗಿದೆ: ಅಂಟುವ ಹಾಡಿನ ಓಟ ಸ್ವಲ್ಪ ಚುರುಕು. ರಾಗದ ಏರಿಳಿತ ಕಿವಿಗೆ ಪಳಗಿದ್ದು. ಜೊತೆಗೆ ಎಲ್ಲೋ ಒಂದು ಕಡೆ ನಾವು ಎಣಿಸಿರದ ನೆಗೆತ ಇರುತ್ತದೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಯಕ್ಷಗಾನ ಆಟದಲ್ಲಿ ಏರುದನಿಯಲ್ಲಿ ಹಾಡುವ ಏರುಪದ್ಯ. ಆ ಅಧ್ಯಯನದಲ್ಲಿ ಯಕ್ಷಗಾನ ಇರಲಿಲ್ಲ, ನಿಜ. ಆದರೆ ಬೆಳಗಿನ ಜಾವ, ಯುದ್ಧದ ಸನ್ನಿವೇಶ, ಭಾಗವತರ ಸ್ವರ ಮೇಲೆ ಹೋಗಿದೆ, ಚೆಂಡೆ ಬಿಡುವುದೇ ಇಲ್ಲ. ಅದನ್ನು ಕೇಳಿ ಮನೆಗೆ ಬಂದವರ ಬಾಯಲ್ಲಿ ಮರುದಿನ ಪೂರ್ತಿ ಅದೇ ಪದ್ಯ. ಪೂರ್ತಿ ಪದ್ಯವೂ ಅಲ್ಲ, ಒಂದು ತುಂಡು. ಯಾವಾಗಲೂ ಅಂಟುವುದು ತುಂಡೇ. ಮುಗಿಯದ್ದನ್ನು ಮನಸ್ಸು ಬಿಡುವುದಿಲ್ಲ ಎಂದು ಕೆಲವರು ಇದನ್ನು ವಿವರಿಸುತ್ತಾರೆ. ಎಲ್ಲರೂ ಒಪ್ಪಿದ ಮಾತಲ್ಲ ಅದು.

ಜನ ಇದನ್ನು ಕಿರಿಕಿರಿ ಎನ್ನುತ್ತಾರೆ. ನಾನು ಹಾಗೆ ಹೇಳಲಾರೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನ ರಾಮಾಯಣದ ಪ್ರಸಂಗಗಳನ್ನು ಇಂದಿಗೂ ಹಾಡುತ್ತೇವೆ. ತಾಳೆಗರಿಯಲ್ಲಿ ಬರೆದಿಟ್ಟದ್ದು ಉಂಟು. ಆದರೆ ಅಕ್ಷರ ಬಾರದ ಎಷ್ಟೋ ಹಿರಿಯರಿಗೆ ಪದ್ಯಗಳು ಬಾಯಿಪಾಠ ಬರುತ್ತಿದ್ದವು. ಯಾರೂ ಕೂರಿಸಿ ಕಲಿಸಿದ್ದಲ್ಲ. ಬೀಡಿ ಕಟ್ಟುವಾಗ, ನೇಜಿ ನೆಡುವಾಗ ತಾನಾಗಿ ಬಂದು ಕೂತದ್ದು. ಕೈಗೆ ಕೆಲಸ ಇದ್ದು ಮನಸ್ಸು ಖಾಲಿ ಇರುವ ಹೊತ್ತು ಹಾಡಿಗೆ ತುಂಬ ಇಷ್ಟ. ಈಗ ಆ ಹೊತ್ತಿನಲ್ಲೂ ನಾವು ಮೊಬೈಲ್ ಹಿಡಿಯುತ್ತೇವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಆದರೂ ಹಾಡು ಹೋಗಲೇಬೇಕು ಅನ್ನಿಸಿದರೆ ದಾರಿ ಉಂಟು. ಚೂಯಿಂಗ್ ಗಮ್ ಜಗಿದರೆ ಹಾಡು ತಲೆಗೆ ಬರುವುದು ಕಡಿಮೆ ಆಗುತ್ತದೆ ಎಂದು 2015ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ತೋರಿಸಿದರು. ಒಳಗೊಳಗೆ ಹಾಡಲು ನಾಲಿಗೆ, ದವಡೆಯ ಸಹಾಯವೂ ಬೇಕು ಎಂಬುದು ಅವರ ವಿವರಣೆ. ಅವು ಬೇರೆ ಕೆಲಸದಲ್ಲಿದ್ದರೆ ಹಾಡಿಗೆ ಜಾಗ ಸಿಗುವುದು ಕಡಿಮೆ.

ಹಾಡಿನ ಈ ಸುತ್ತಾಟದಿಂದ ರಾತ್ರಿ ನಿದ್ದೆ ಬಾರದವರಿಗೆ ಒಂದು ಮಾತು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 2021ರಲ್ಲಿ ಕಂಡದ್ದು ಇದು: ಮಲಗುವ ಮುಂಚೆ ಜನಪ್ರಿಯ ಹಾಡಿನ ಬರೇ ವಾದ್ಯಸಂಗೀತ ಕೇಳಿದವರಿಗೆ, ಮಾತಿರುವ ಹಾಡು ಕೇಳಿದವರಿಗಿಂತ ಜಾಸ್ತಿ ಕಾಟ. ನಿದ್ದೆಯೂ ಕೆಟ್ಟಿತು. ಪದ ಇಲ್ಲದಿದ್ದರೆ ಹಾಯಾಗಿ ನಿದ್ದೆ ಬರುತ್ತದೆ ಎಂದೇ ಎಣಿಸುತ್ತೇವೆ ನಾವು. ಹಾಗಾಗಿ ದಿಂಬಿಗೆ ತಲೆ ಕೊಡುವ ಸ್ವಲ್ಪ ಮೊದಲೇ ಸಂಗೀತ ನಿಲ್ಲಿಸಿ. ನಾಳೆಯ ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಮಲಗಿ. ರೇಡಿಯೋವನ್ನು ಬೆಳಿಗ್ಗೆ ಎದ್ದು ಹಾಕಿದರಾಯಿತು.

ನಮಸ್ಕಾರ.