ನೌಕೆಯೊಳಗೆ ನೀರು ಎಲ್ಲಿದೆ?

ಕೇಳುಗ ಮಿತ್ರರಿಗೆಲ್ಲ ನಮಸ್ಕಾರ.

ನಾನು ಚಿತ್ರದುರ್ಗದಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಮೇಷ್ಟ್ರು. ಹೋದ ವರ್ಷ ಒಂದು ದಿನ ತರಗತಿಯಲ್ಲಿ, ಬೇರೆ ನಕ್ಷತ್ರಕ್ಕೆ ಹೋಗುವ ನೌಕೆಯ ಚಿತ್ರ ಬರೆಯಿರಿ ಅಂದೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಥರ ಬರೆದರು. ಚೂಪು ಮೂತಿ, ಎರಡು ರೆಕ್ಕೆ, ಹಿಂದೆ ಬೆಂಕಿ. ದೀಪಾವಳಿ ರಾಕೆಟ್ಟಿಗೆ ಕಿಟಕಿ ಇಟ್ಟ ಹಾಗೆ. ನಾನೂ ಬೋರ್ಡಿನ ಮೇಲೆ ಅಂಥದ್ದೇ ಒಂದು ಬರೆದಿದ್ದೆ. ಏಳನೇ ತರಗತಿಯ ಒಬ್ಬ ಹುಡುಗಿ ಅದನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದಳು, "ಸರ್, ಇದರೊಳಗೆ ನೀರು ಎಲ್ಲಿ ಇಟ್ಟಿದಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಬಯಲುಸೀಮೆಯಲ್ಲಿ ಬಾಡಿಗೆ ಮನೆ ನೋಡೋಕೆ ಹೋದರೂ ಮೊದಲು ಕೇಳುವುದು ನೀರು ಹೇಗೆ ಅಂತ ತಾನೆ. ಆ ಪ್ರಶ್ನೆ ಹಿಡಿದುಕೊಂಡು ಓದುತ್ತಾ, ಬರೆಯುತ್ತಾ, ಅಳಿಸುತ್ತಾ ಹೋದಾಗ ನನಗೆ ಒಂದು ವಿಷಯ ಗಟ್ಟಿಯಾಯಿತು. ನೌಕೆಯ ಚಂದವನ್ನು ಹೊರಗಿನಿಂದ ಅಂಟಿಸೋಕೆ ಆಗುವುದಿಲ್ಲ. ಒಳಗೆ ಇರುವವರು ಹೇಗೆ ಬದುಕುತ್ತಾರೆ ಅನ್ನೋದನ್ನು ಮೊದಲು ಯೋಚಿಸಿದರೆ ಆಕಾರ ತಾನಾಗಿ ಬರುತ್ತದೆ.

ರೆಕ್ಕೆಯನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯ ಚಳ್ಳಕೆರೆ ಹತ್ತಿರ 2023ರ ಏಪ್ರಿಲ್ 2ರಂದು ಇಸ್ರೋದವರು ಮತ್ತೆ ಮತ್ತೆ ಬಳಸಬಹುದಾದ ಅಂತರಿಕ್ಷ ವಾಹನವೊಂದರ ಮಾದರಿಯನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು, ಅದು ಯಾರೂ ನಡೆಸದೆ ತಾನಾಗಿಯೇ ರನ್‌ವೇ ಮೇಲೆ ಇಳಿಯಿತು. ಅದಕ್ಕೆ ರೆಕ್ಕೆ ಬೇಕೇ ಬೇಕು, ಯಾಕೆಂದರೆ ಅದು ಗಾಳಿಯಲ್ಲಿ ತೇಲಿ ಇಳಿಯಬೇಕು. ನಕ್ಷತ್ರಗಳ ನಡುವೆ ಗಾಳಿಯೇ ಇಲ್ಲ. ಅಲ್ಲಿ ಓಡುವ ನೌಕೆಗೆ ರೆಕ್ಕೆ ಬರೆದರೆ ಅದು ಸುಮ್ನೆ ಭಾರ.

ಇನ್ನು ದೂರ. ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಲ್ಲಿಂದ ಬೆಳಕು ಇಲ್ಲಿಗೆ ಬರೋಕೇ ನಾಲ್ಕು ವರ್ಷಕ್ಕಿಂತ ಜಾಸ್ತಿ ಬೇಕು. 1977ರಲ್ಲಿ ಹಾರಿದ ವಾಯೇಜರ್ 1 ಅನ್ನೋ ಅಮೆರಿಕದ ನೌಕೆ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ, ಆ ವೇಗದಲ್ಲಿ ಅಷ್ಟು ದೂರ ಹೋಗೋಕೆ 70 ಸಾವಿರ ವರ್ಷ ದಾಟುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಕೆಲವು ವಿಜ್ಞಾನಿಗಳು, ಎಂಜಿನಿಯರುಗಳು ಸೇರಿ ಡೀಡಲಸ್ ಅನ್ನೋ ನೌಕೆಯನ್ನು ಕಾಗದದ ಮೇಲೆ ರೂಪಿಸಿದರು. ಬೆಳಕಿನ ವೇಗದ ನೂರಕ್ಕೆ 12ರಷ್ಟು ಓಡಬೇಕು ಅಂತ ಅವರ ಲೆಕ್ಕ. ಮನುಷ್ಯರಿಲ್ಲದ ಆ ನೌಕೆಯ ತೂಕ 54 ಸಾವಿರ ಟನ್, ಅದರಲ್ಲಿ 50 ಸಾವಿರ ಟನ್ ಇಂಧನವೇ! ಅಂದರೆ ನಿಜವಾದ ನಕ್ಷತ್ರ ನೌಕೆ ನೋಡೋಕೆ ಬಹುಪಾಲು ಟ್ಯಾಂಕುಗಳ ಗೊಂಚಲು. ನನಗಂತೂ ಅದು ಚೂಪು ಮೂತಿಗಿಂತ ಚಂದ ಕಾಣುತ್ತದೆ.

ಈಗ ನೀರಿಗೆ ಬರೋಣ. ಉತ್ತರ ಹುಡುಕಿಕೊಂಡು ನಾನು ಒಂದು ಭಾನುವಾರ ಕೋಟೆ ಹತ್ತಿದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರಿನ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಸುಮ್ನೆ ಹರಿದುಹೋಗಲು ಬಿಟ್ಟಿಲ್ಲ. ಮುತ್ತಿಗೆ ಹಾಕಿದ ವೈರಿ ತಿಂಗಳುಗಟ್ಟಲೆ ಕೆಳಗೆ ಕೂತರೂ ಒಳಗಿನವರು ಬದುಕಬೇಕಿತ್ತು. ನೀರು, ಕಣಜ, ಎಣ್ಣೆ ಕೊಳ, ಗುಡಿ, ಎಲ್ಲ ಒಳಗೇ. ಬಾಗಿಲುಗಳು ನೇರವಾಗಿ ಇಲ್ಲ, ತಿರುವಿ ತಿರುವಿ ಒಳಗೆ ಕರೆದೊಯ್ಯುತ್ತವೆ, ಓಡಿ ಬಂದು ಗುದ್ದೋಕೆ ಜಾಗವೇ ಸಿಗಬಾರದು ಅಂತ. ಆ ಕಲ್ಲಿನ ಕೋಟೆಯನ್ನು ಚಂದ ಕಾಣಲಿ ಅಂತ ಯಾರೂ ಕಟ್ಟಲಿಲ್ಲ, ಆದರೂ ಸಂಜೆ ಬಿಸಿಲು ಆ ಗೋಡೆಗಳ ಮೇಲೆ ಬಿದ್ದಾಗ ನೋಡಿದವರಿಗೆ ಗೊತ್ತು.

ನಕ್ಷತ್ರ ನೌಕೆಯೂ ಮುತ್ತಿಗೆ ಬಿದ್ದ ಕೋಟೆಯೇ. ಹೊರಗಿನಿಂದ ಏನೂ ಬರುವುದಿಲ್ಲ. ನೀರನ್ನು ಜನ ಮಲಗುವ ಕೋಣೆಗಳ ಸುತ್ತ ಇಡಬೇಕು, ಯಾಕೆಂದರೆ ಅಂತರಿಕ್ಷದ ವಿಕಿರಣವನ್ನು ತಡೆಯೋಕೆ ನೀರು ಒಳ್ಳೆಯ ಗೋಡೆ. ಕುಡಿಯೋಕೂ ಆಯಿತು, ಕಾಪಾಡೋಕೂ ಆಯಿತು. ಮೂತಿಯ ಮುಂದೆ ದಪ್ಪನೆಯ ತಡೆಗೋಡೆ ಬೇಕು. ಬೆಳಕಿನ ಹತ್ತನೇ ಒಂದು ಭಾಗದ ವೇಗದಲ್ಲಿ ಒಂದು ಮಿಲಿಗ್ರಾಂ ಧೂಳು ಎದುರಾದರೆ ಸುಮಾರು ನೂರು ಕೆ.ಜಿ. ಸಿಡಿಮದ್ದು ಸಿಡಿದಷ್ಟು ಪೆಟ್ಟು. ಚಿತ್ರದಲ್ಲಿ ಎಲ್ಲೋ ಒಂದು ಕಡೆ ಸಣ್ಣ ಕಿಂಡಿಯೂ ಇರಲಿ, ಅಂದರೆ ಒಂದು ದುರ್ಬಲ ಜಾಗ. ಓಬವ್ವ ನೀರು ತರೋಕೆ ಹೋದದ್ದರಿಂದಲೇ ತಾನೆ ಕಿಂಡಿಯ ಕಥೆ ಶುರುವಾದದ್ದು? ಲೋಪವೇ ಇಲ್ಲದ ನೌಕೆಯನ್ನು ಯಾರೂ ನಂಬುವುದಿಲ್ಲ.

ಜನ ಜಾಸ್ತಿ ಮರೆಯುವುದು ಬಿಸಿಯನ್ನು. ಹೊರಗೆ ಅಷ್ಟು ಚಳಿ ಇರುವಾಗ ನೌಕೆ ತಣ್ಣಗೇ ಇರುತ್ತದೆ ಅಲ್ವಾ ಅಂತ ಕೇಳುತ್ತಾರೆ. ಹಾಗಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದ್ದೀರಾ? ಒಳಗೆ ಬೆವರು ಸುರಿಸಿದವರು ಹೊರಗೆ ಬಂದು ನಿಂತರೆ ಗಾಳಿ ಬೀಸಿ ಮೈ ತಣ್ಣಗಾಗುತ್ತದೆ. ಬಿಸಿಯನ್ನು ಹೊತ್ತೊಯ್ಯುವುದು ಆ ಗಾಳಿ. ಅಂತರಿಕ್ಷದಲ್ಲಿ ಹೊತ್ತೊಯ್ಯೋಕೆ ಯಾರೂ ಇಲ್ಲ. ಆದರೆ ಭಟ್ಟಿಯ ಬಾಯಿಯ ಎದುರು ನಾಲ್ಕು ಹೆಜ್ಜೆ ದೂರ ನಿಂತರೂ ಮುಖಕ್ಕೆ ಸುಡುತ್ತದಲ್ಲ, ಕೆಂಡದಿಂದ ಬೆಳಕಿನ ಥರ ನೇರವಾಗಿ ಬರುವ ಬಿಸಿ, ನೌಕೆಗೆ ಉಳಿದಿರುವುದು ಆ ಒಂದೇ ದಾರಿ. ಅದಕ್ಕೇ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ದೊಡ್ಡ ದೊಡ್ಡ ಬಿಳಿ ಹಲಗೆಗಳಿವೆ. ಅವುಗಳ ಕೊಳವೆಗಳಲ್ಲಿ ಅಮೋನಿಯಾ ಹರಿದು ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುತ್ತದೆ. ನಕ್ಷತ್ರ ನೌಕೆಯ ಎಂಜಿನ್ನಿಗೆ ಇನ್ನೆಷ್ಟು ದೊಡ್ಡದು ಬೇಕು, ಲೆಕ್ಕ ಹಾಕಿ. ರೆಕ್ಕೆ ಬೇಕು ಅನ್ನುವ ಮಕ್ಕಳಿಗೆ ನಾನು ಈಗ ಇದನ್ನೇ ಹೇಳುತ್ತೇನೆ, ಬರೆಯಿರಿ, ಆದರೆ ಅದು ಹಾರುವ ರೆಕ್ಕೆ ಅಲ್ಲ, ಬಿಸಿ ಚೆಲ್ಲುವ ರೆಕ್ಕೆ. ಎಂಜಿನ್ ಜೋರಾದಾಗ ಅದು ಕೆಂಡದ ಹಾಗೆ ಕೆಂಪಗಾಗಲಿ. ಕಪ್ಪು ಕಾಗದದ ಮೇಲೆ ಆ ಕೆಂಪು ಎಷ್ಟು ಚಂದ ಕಾಣುತ್ತದೆ ಗೊತ್ತಾ!

ನೆಲ ಯಾವ ಕಡೆ ಅನ್ನೋದೂ ಯೋಚಿಸಬೇಕು. ಎಂಜಿನ್ ತಳ್ಳುತ್ತಿರುವಾಗ 'ಕೆಳಗೆ' ಅಂದರೆ ಎಂಜಿನ್ನಿನ ಕಡೆ. ಹಾಗಾಗಿ ಮಹಡಿಗಳು ಬಸ್ಸಿನ ಹಾಗೆ ಉದ್ದಕ್ಕೆ ಅಲ್ಲ, ಅಪಾರ್ಟ್‌ಮೆಂಟಿನ ಹಾಗೆ ಒಂದರ ಮೇಲೊಂದು. ಎಂಜಿನ್ ನಿಂತ ಮೇಲೂ ಜನ ನಡೆದಾಡಬೇಕು ಅಂದರೆ ಚಕ್ರದ ಆಕಾರ ಮಾಡಿ ತಿರುಗಿಸಬೇಕು. ನಿಮಿಷಕ್ಕೆ ಎರಡು ಸುತ್ತು ತಿರುಗಿ ಭೂಮಿಯಷ್ಟೇ ತೂಕ ಅನ್ನಿಸಬೇಕಾದರೆ ಚಕ್ರದ ಅಡ್ಡಗಲ ಹತ್ತಿರ ಹತ್ತಿರ 450 ಮೀಟರ್. ಚಕ್ರ ಚಿಕ್ಕದಾದರೆ ಜೋರಾಗಿ ತಿರುಗಬೇಕು, ಆಗ ತಲೆ ಸುತ್ತುತ್ತದೆ.

ಅಷ್ಟು ದೊಡ್ಡದು ಅಂತ ನೋಡುವವರಿಗೆ ಹೇಗೆ ತೋರಿಸೋದು? ಬೆಟ್ಟದ ಚಿತ್ರ ಬರೆಯುವಾಗ ದೂರದ್ದನ್ನು ಮಸುಕು ಮಾಡುತ್ತೇವೆ. ಗಾಳಿ ಇಲ್ಲದ ಕಡೆ ಮಸುಕೂ ಇಲ್ಲ, ದೂರದ್ದೂ ಹತ್ತಿರದ್ದೂ ಒಂದೇ ಸಮ ಚೂಪಾಗಿ ಕಾಣುತ್ತದೆ, ನೆರಳು ಪೂರಾ ಕಪ್ಪು. ಅಲ್ಲಿ ಕೈ ಹಿಡಿಯುವುದು ಸಣ್ಣ ವಸ್ತುಗಳು. ಒಂದು ಬಾಗಿಲು, ಒಂದು ಏಣಿ, ಕಿಟಕಿಯಲ್ಲಿ ಒಂದು ತಲೆ. ಕೋಟೆಯ ಗೋಡೆ ಎಷ್ಟು ಎತ್ತರ ಅಂತ ತಿಳಿಯುವುದು ಅದರ ಬುಡದಲ್ಲಿ ಯಾರಾದರೂ ನಿಂತಾಗಲೇ. ಹಿಂದೆ ಸಿನಿಮಾಗೆ ನೌಕೆಯ ಮಾದರಿ ಮಾಡುವವರು ಆಟಿಕೆ ಟ್ಯಾಂಕು, ವಿಮಾನಗಳ ಬಿಡಿಭಾಗ ತಂದು ಮೈತುಂಬ ಅಂಟಿಸುತ್ತಿದ್ದರು. ಅದೂ ಕೆಲಸ ಮಾಡುತ್ತದೆ. ಆದರೆ ನನಗೆ ಹೆದ್ದಾರಿಯ ಲಾರಿಗಳೇ ಹೆಚ್ಚು ಇಷ್ಟ. ಹತ್ತು ವರ್ಷ ಓಡಿದ ಲಾರಿ ನೋಡಿ. ಕ್ಲೀನರ್ ದಿನಾ ಕಾಲಿಡುವ ಕಡೆ ಬಣ್ಣ ಸವೆದಿರುತ್ತದೆ, ಒಂದು ಬಾಗಿಲು ಬೇರೆ ಬಣ್ಣದ್ದು, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಯಾರದೋ ಮಗಳ ಹೆಸರು. ನೌಕೆಯಲ್ಲೂ ಕೈ ಮುಟ್ಟುವ ಕಡೆ ಮಾತ್ರ ಸವೆಯಲಿ. ಎಲ್ಲ ಕಡೆ ಒಂದೇ ಸಮ ಕೊಳೆ ಬಳಿದರೆ ಸುಳ್ಳು ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ.

ಆ ಹುಡುಗಿ ಈ ವರ್ಷ ಮತ್ತೆ ಒಂದು ನೌಕೆ ಬರೆದುಕೊಂಡು ಬಂದಳು. ಟ್ಯಾಂಕುಗಳು, ಚಕ್ರ, ಕೆಂಪು ಹಲಗೆಗಳು. ನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಯುವ ಹಾಗೆ ಕೋಣೆಗಳ ಸುತ್ತ ಹರಿಸಿದ್ದಾಳೆ. ಒಳಗೆ ಒಂದು ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಗಿ ಹಾಕಿದ್ದಾಳೆ. ಇದ್ಯಾಕಮ್ಮ ಅಂದೆ. ಅಂತರಿಕ್ಷ ನಿಲ್ದಾಣದಲ್ಲಿ ಗಾಳಿಯ ಪಸೆ, ಬೆವರು, ಮೂತ್ರ ಎಲ್ಲದರಿಂದ ನೂರಕ್ಕೆ 98ರಷ್ಟು ನೀರನ್ನು ವಾಪಸ್ ತೆಗೆಯುವ ಮಟ್ಟ ಮುಟ್ಟಿದ್ದಾರೆ ಅಂತ ನಾನೇ ಪಾಠದಲ್ಲಿ ಹೇಳಿದ್ದೆ. ಅವಳು ಹಗ್ಗದ ಪಕ್ಕ ಬರೆದಿದ್ದ ಜಾಲರಿಯನ್ನು ಬೆರಳಿಟ್ಟು ತೋರಿಸಿದಳು. "ಬಟ್ಟೆ ಒಣಗಿದ ನೀರು ಇಲ್ಲಿಂದ ಹೊಂಡಕ್ಕೆ ಹೋಗುತ್ತೆ ಸರ್."

ನಮಸ್ಕಾರ.