ಸಂತೆಯಲ್ಲೂ ನಿದ್ದೆ ಬರುತ್ತಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿ

(ದಾವಣಗೆರೆಯಲ್ಲಿ ರಸ್ತೆ ಸುರಕ್ಷತಾ ಮಾಸದ ಅಂಗವಾಗಿ ಚಾಲಕರು ಮತ್ತು ಅವರ ಕುಟುಂಬದವರಿಗಾಗಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಈ ತಿಂಗಳು ಪೂರ್ತಿ ನಿಮಗೆ ಹೆಲ್ಮೆಟ್, ಸೀಟ್ ಬೆಲ್ಟ್, ಕುಡಿದು ಓಡಿಸಬೇಡಿ, ಮೊಬೈಲ್ ಹಿಡಿಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಹೇಳಲೇಬೇಕು, ಒಳ್ಳೆಯ ಮಾತು. ನಿಮ್ಮ ಸಂಘದವರು ಫೋನ್ ಮಾಡಿ ಯಾವ ವಿಷಯ ಮಾತಾಡ್ತೀರಿ ಅಂತ ಕೇಳಿದಾಗ ನಾನು ನಿದ್ದೆ ಅಂದೆ. "ಡ್ರೈವರ್‌ಗಳಿಗೆ ನಿದ್ದೆ ಬಗ್ಗೆ ಏನ್ ಹೇಳ್ತೀರಿ ಸಾರ್, ಅವರಿಗೆ ಸಿಗದೇ ಇರೋದೇ ಅದೊಂದು" ಅಂದರು. ಅದಕ್ಕೇ ಬಂದಿದ್ದೇನೆ. ಜೊತೆಗೆ ಒಂದು ಶರತ್ತು ಹಾಕಿದ್ದೆ, ಮನೆಯ ಹೆಣ್ಣುಮಕ್ಕಳೂ ಬರಬೇಕು ಅಂತ. ಯಾಕೆಂದರೆ ನಾನಿವತ್ತು ಹೇಳುವ ಕಾಯಿಲೆ ಇರುವವನಿಗೆ ಅದು ಇದೆ ಅಂತ ಗೊತ್ತೇ ಇರುವುದಿಲ್ಲ. ಪಕ್ಕದಲ್ಲಿ ಮಲಗುವವರಿಗೆ ಗೊತ್ತಿರುತ್ತದೆ.

ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಗಾದೆ ಮಾಡಿದವರು ಮನಸ್ಸಿನ ನೆಮ್ಮದಿಯ ಬಗ್ಗೆ ಹೇಳಿದ್ದಾರೆ, ಅದು ಸರಿಯೇ. ಆದರೆ ನಾವು ಅದನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೇವೆ ನೋಡಿ. ಬಸ್ಸು ಹತ್ತಿದ ಕೂಡಲೇ ನಿದ್ದೆ ಹೋಗುವವನು ಪುಣ್ಯವಂತ. ಟಿವಿ ಮುಂದೆ ಕೂತಲ್ಲೇ ಗೊರಕೆ ಹೊಡೆಯುವವನು ಅದೃಷ್ಟವಂತ. "ಅವನಿಗೇನಪ್ಪ, ತಲೆ ಇಟ್ರೆ ಸಾಕು, ಗಾಢ ನಿದ್ದೆ." ಈ ಮಾತನ್ನು ಈ ಸಭೆಯಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ಹೇಳಿರುತ್ತೀರಿ. ರಾತ್ರಿ ಸರಿಯಾಗಿ ನಿದ್ದೆ ಆದವನಿಗೆ ಮಧ್ಯಾಹ್ನ ಸಂತೆಯಲ್ಲಿ ಯಾಕೆ ನಿದ್ದೆ ಬರಬೇಕು? ಊಟ ಆದ ಮೇಲೆ ಸ್ವಲ್ಪ ಜೊಂಪು ಹತ್ತುವುದು ಬೇರೆ, ಅದು ಎಲ್ಲರಿಗೂ ಇದ್ದದ್ದೇ. ಕೂತಲ್ಲಿ ನಿಂತಲ್ಲಿ ಕಣ್ಣು ಮುಚ್ಚಿಹೋಗುತ್ತಿದ್ದರೆ ಅವನಿಗೆ ರಾತ್ರಿ ನಿದ್ದೆ ಸಾಲುತ್ತಿಲ್ಲ ಅಂತ ಅರ್ಥ. ಹಾಸಿಗೆಯಲ್ಲಿ ಎಂಟು ಗಂಟೆ ಬಿದ್ದಿದ್ದರೂ ಸಾಲುತ್ತಿಲ್ಲ.

ಒಬ್ಬ ಲಾರಿ ಡ್ರೈವರ್ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಅಡಿಕೆ ಲೋಡು ತಗೊಂಡು ಉತ್ತರ ಭಾರತದ ಕಡೆ ಹೋಗುವವರು, ವರ್ಷಗಟ್ಟಲೆ ಅದೇ ಕೆಲಸ. ನನ್ನ ಹತ್ತಿರ ಬಂದದ್ದು ನಿದ್ದೆಗಲ್ಲ, ಬಿಪಿಗೆ. ಮೂರು ಥರದ ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿಲ್ಲ ಅಂತ ಬೇರೆ ಡಾಕ್ಟರು ಕಳಿಸಿದ್ದರು. ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಬಾಗಿಲು ತೆಗೆದು ನೋಡಿದರೆ ಗೋಡೆಗೆ ತಲೆ ಆನಿಸಿ ನಿದ್ದೆ, ಕೈಲಿದ್ದ ಟೋಕನ್ ಜಾರಿ ಕೆಳಗೆ ಬಿದ್ದಿದೆ, ಪಕ್ಕದಲ್ಲಿ ಮಗುವೊಂದು ಕಿರುಚಿ ಅಳುತ್ತಿದೆ, ಇವರಿಗೆ ಪರಿವೆಯೇ ಇಲ್ಲ. ಹೆಂಡತಿ ಭುಜ ತಟ್ಟಿ ಎಬ್ಬಿಸಿ ಒಳಗೆ ಕರೆತಂದರು. "ಇವ್ರಿಗೆ ದೇವರು ನಿದ್ದೆ ಒಂದು ಚೆನ್ನಾಗಿ ಕೊಟ್ಟಾನ್ರಿ ಡಾಕ್ಟ್ರೇ" ಅಂತ ನಕ್ಕರು. ಗೊರಕೆ ಉಂಟಾ ಅಂದೆ. ಇನ್ನೂ ನಕ್ಕರು, ಬೀದಿಗೆಲ್ಲ ಕೇಳುತ್ತೆ ಅಂದರು. ಆ ಗೊರಕೆ ಮಧ್ಯೆ ಮಧ್ಯೆ ಪೂರ್ತಿ ನಿಂತುಹೋಗುತ್ತಾ ಅಂದೆ. ನಗು ನಿಂತಿತು. "ನಿಮಗೆ ಹೆಂಗೆ ಗೊತ್ತಾತ್ರಿ?" ಅಂದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಎಷ್ಟೋ ರಾತ್ರಿ ಆ ತಾಯಿ ಎದ್ದು ಕೂತು ಗಂಡನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದರಂತೆ, ಉಸಿರು ಇದೆಯೋ ಇಲ್ಲವೋ ಅಂತ. ಯಾರಿಗೂ ಹೇಳಿರಲಿಲ್ಲ. ಬಾಯಿಬಿಟ್ಟು ಹೇಳಿದರೆ ಅಪಶಕುನ ಅಂತ ಹೆದರಿಕೆ. ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ ಅಂದೆ, ಮುಂದಿನ ಸಲ ತಂದರು. ಮಂದ ಬೆಳಕು, ಫ್ಯಾನಿನ ಸದ್ದು, ಗೊರಕೆ ಏರುತ್ತಾ ಏರುತ್ತಾ ಹೋಗಿ ತಟ್ಟನೆ ನಿಂತುಹೋಗುತ್ತದೆ. ವಿಡಿಯೋ ಮೇಲೆ ಸೆಕೆಂಡುಗಳು ಓಡುತ್ತಿವೆ. ಹೊಟ್ಟೆ ಏಳುತ್ತಿದೆ, ಎದೆ ಒದ್ದಾಡುತ್ತಿದೆ, ಗಾಳಿ ಮಾತ್ರ ಒಳಗೆ ಹೋಗುತ್ತಿಲ್ಲ. ಅರ್ಧ ನಿಮಿಷ ಆಯಿತು. ಆಮೇಲೆ ನೀರಿನಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಂದು ದೊಡ್ಡ ಉಸಿರು, ಕಾಲು ಝಾಡಿಸಿ ಮಗ್ಗಲು ಬದಲಿಸಿ ಮತ್ತೆ ಗೊರಕೆ. ಆ ಮನುಷ್ಯ ತನ್ನದೇ ವಿಡಿಯೋ ನೋಡಿ ಇನ್ನೊಂದು ಸಲ ಹಾಕಿಸಿದರು. "ಇದು ನಾನೇನಾ?" ಅಂದರು. ಹೆಂಡತಿ ಕಡೆ ನೋಡಲಿಲ್ಲ. ಪರೀಕ್ಷೆ ಮಾಡಿಸಿದಾಗ ಗಂಟೆಗೆ 40ಕ್ಕೂ ಹೆಚ್ಚು ಸಲ ಹೀಗೆ ಉಸಿರು ಕಟ್ಟುತ್ತಿತ್ತು. ಗಂಟೆಗೆ 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ ಅಂತ ನಾವು ಲೆಕ್ಕ ಹಾಕುತ್ತೇವೆ. ಅಂದರೆ ಆ ಮನುಷ್ಯನ ಮೆದುಳು ರಾತ್ರಿಯಿಡೀ ಒಂದೂವರೆ ನಿಮಿಷಕ್ಕೊಮ್ಮೆ ಎಚ್ಚರವಾಗುತ್ತಿತ್ತು. ಬೆಳಿಗ್ಗೆ ಅವರಿಗೆ ಒಂದೂ ನೆನಪಿರುತ್ತಿರಲಿಲ್ಲ. ಚೆನ್ನಾಗಿ ನಿದ್ದೆ ಆಯಿತು ಅಂತಲೇ ಸ್ಟೇರಿಂಗ್ ಹಿಡಿಯುತ್ತಿದ್ದರು.

ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲ ಆಗುತ್ತದೆ. ಎಳನೀರಿಗೆ ಹಾಕಿದ ಪೇಪರ್ ಸ್ಟ್ರಾ ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಏನಾಗುತ್ತದೆ? ಒಳಗಿನ ಗೋಡೆ ಅಂಟಿಕೊಂಡು ನೀರೇ ಬರುವುದಿಲ್ಲ. ಗಂಟಲೂ ಹಾಗೇ. ಅರ್ಧ ಮುಚ್ಚಿದರೆ ಗೊರಕೆ, ಪೂರ್ತಿ ಮುಚ್ಚಿದರೆ ಉಸಿರು ಬಂದ್. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಹೃದಯ ಗಾಬರಿಬಿದ್ದು ಓಡುತ್ತದೆ, ಬಿಪಿ ಏರುತ್ತದೆ. ಬೆಳಿಗ್ಗೆ ಎದ್ದಾಗ ತಲೆನೋವು, ಬಾಯಿ ಒಣಗಿರುವುದು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುವುದು, ಇವೆಲ್ಲ ಇದರದ್ದೇ ಗುರುತು ಇರಬಹುದು. ಶುಗರ್ ಇರಬೇಕು ಅಂತ ಬರೀ ಸಕ್ಕರೆ ಪರೀಕ್ಷೆ ಮಾಡಿಸಿ ಸುಮ್ನಾಗಬೇಡಿ. ಗೊರಕೆ ಹೊಡೆಯುವ ಎಲ್ಲರಿಗೂ ಇದು ಇರುವುದಿಲ್ಲ, ಅದನ್ನೂ ಹೇಳಬೇಕು. ಆದರೆ ಗೊರಕೆ ಅಂದರೆ ಗಾಢ ನಿದ್ದೆ ಅನ್ನುವುದು ಶುದ್ಧ ಸುಳ್ಳು. ನಾನಿದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇನ್ನು ಎರಡನೇ ಮಾತು. "ನಂಗೆ ಐದು ಗಂಟೆ ಸಾಕು ಸಾರ್, ರೂಢಿ ಆಗಿದೆ." ದೊಡ್ಡವರಿಗೆ ಕನಿಷ್ಠ 7 ಗಂಟೆ ಬೇಕು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತರನ್ನು 14 ದಿನ ಪ್ರಯೋಗಾಲಯದಲ್ಲೇ ಇಟ್ಟುಕೊಂಡು ಕೆಲವರಿಗೆ 8 ಗಂಟೆ, ಕೆಲವರಿಗೆ 6, ಇನ್ನು ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಕಡಿಮೆ ಮಲಗಿದವರ ಚುರುಕು ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಯಿತು. 4 ಗಂಟೆಯವರಂತೂ ಎರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಸ್ಥಿತಿಗೆ ಬಂದರು. ನನಗೆ ಭಯ ಹುಟ್ಟಿಸುವ ಸಂಗತಿ ಅದಕ್ಕಿಂತ ಮುಂದಿನದು. ಹೇಗಿದ್ದೀರಿ ಅಂತ ಕೇಳಿದರೆ ಅವರು ಪರವಾಗಿಲ್ಲ, ಸ್ವಲ್ಪ ಮಂಪರು ಅಷ್ಟೇ ಅನ್ನುತ್ತಿದ್ದರು. ದೇಹಕ್ಕೆ ರೂಢಿ ಆಗಿರಲಿಲ್ಲ, ಸುಸ್ತು ಗೊತ್ತಾಗದೇ ಇರುವುದು ರೂಢಿ ಆಗಿತ್ತು. ಹುಟ್ಟಿನಿಂದಲೇ ಕಡಿಮೆ ನಿದ್ದೆ ಸಾಕಾಗುವವರು ಇಲ್ಲವೇ ಇಲ್ಲ ಅಂತಲ್ಲ. 2009ರಲ್ಲಿ ಒಂದು ಮನೆಯ ತಾಯಿ ಮಗಳಲ್ಲಿ ಅಂಥ ವಂಶವಾಹಿ ಬದಲಾವಣೆ ಪತ್ತೆಯಾಯಿತು. ಅದು ಬಹಳ ಅಪರೂಪ. ಹತ್ತು ಲಾರಿಗೆ ಹತ್ತು ಡ್ರೈವರೂ ಅಂಥವರೇ ಆಗಿರಲು ಸಾಧ್ಯವಿಲ್ಲ ಅಲ್ವಾ?

ಒಂದು ಲೆಕ್ಕ ಹೇಳುತ್ತೇನೆ, ಇದನ್ನು ಮಾತ್ರ ಮನೆಗೆ ಹೋಗಿ ಎಲ್ಲರಿಗೂ ಹೇಳಿ. ನಮ್ಮ ಕಾನೂನಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಕೇಸು. ಆಸ್ಟ್ರೇಲಿಯಾದವರು 1997ರಲ್ಲಿ ಪರೀಕ್ಷೆ ಮಾಡಿ ನೋಡಿದರು. 17 ಗಂಟೆ ಸತತ ಎಚ್ಚರ ಇದ್ದವನ ಕೈ ಕಣ್ಣಿನ ಹೊಂದಾಣಿಕೆ 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ಕೆಟ್ಟಿತ್ತು. ಬೆಳಿಗ್ಗೆ 6ಕ್ಕೆ ಎದ್ದವನು ರಾತ್ರಿ 11ಕ್ಕೆ ಬೆಂಗಳೂರಿಗೆ ಗಾಡಿ ತೆಗೆದರೆ ಸಿರಾ ದಾಟುವ ಹೊತ್ತಿಗೆ ಅವನ ಸ್ಥಿತಿ ಏನು? ಒಂದು ಹನಿ ಕುಡಿದಿಲ್ಲ, ಪೊಲೀಸರು ಊದಿಸಿದರೂ ಸಿಕ್ಕುವುದಿಲ್ಲ. ಇಂಗ್ಲೆಂಡಿನಲ್ಲಿ ನಿದ್ದೆಯಿಂದಾದ ಅಪಘಾತಗಳ ಸಮಯ ನೋಡಿದಾಗ ಬೆಳಗಿನ ಜಾವ 2, ಬೆಳಿಗ್ಗೆ 6, ಸಂಜೆ 4, ಈ ಮೂರು ಹೊತ್ತಿಗೆ ಜಾಸ್ತಿ ಇದ್ದವು. ಹೆದ್ದಾರಿಯಲ್ಲಿ ಓಡಾಡುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಗಾಜು ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು, ಬಾಯಿಗೆ ಗುಟ್ಕಾ. ನಿಜ ಹೇಳಿ, ಎಷ್ಟು ಹೊತ್ತು ನಿಲ್ಲುತ್ತದೆ? ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ತಣ್ಣನೆ ಗಾಳಿಯನ್ನೂ ರೇಡಿಯೋವನ್ನೂ ಪರೀಕ್ಷಿಸಿದರು, ಏನೋ ಒಂದಿಷ್ಟು ಹೊತ್ತು ಅಷ್ಟೇ. ಕೆಲಸ ಮಾಡಿದ್ದು ಒಂದು ಉಪಾಯ. ಕಾಫಿ ಕುಡಿದು ಕೂಡಲೇ 15 ನಿಮಿಷ ಕಣ್ಣು ಮುಚ್ಚುವುದು. ಕಾಫಿ ತಲೆಗೆ ಏರಲು ಸುಮಾರು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಜೊಂಪು ಮುಗಿದಿರುತ್ತದೆ, ಎರಡೂ ಒಟ್ಟಿಗೆ ಸಿಗುತ್ತವೆ. ಡಾಬಾ ಪಕ್ಕ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕ್ಲೀನರ್ ಹುಡುಗನಿಗೆ ಎಬ್ಬಿಸಲು ಹೇಳಿ ಮಲಗಿ. ಎದ್ದ ತಕ್ಷಣ ಗೇರ್ ಹಾಕಬೇಡಿ, ಇಳಿದು ಟೈರು ತಟ್ಟಿ ನೋಡಿ ಒಂದು ಸುತ್ತು ಬನ್ನಿ. ಹಗಲು ಮಲಗಿದರೆ ದರಿದ್ರ ಅನ್ನುವ ಮನೆಗಳಿವೆ. ರಾತ್ರಿ ಪಾಳಿ ಮಾಡಿ ಬಂದವನು ಹಗಲು ಮಲಗದೆ ಇನ್ಯಾವಾಗ ಮಲಗಬೇಕು? ಅಮ್ಮಂದಿರೇ, ಅಕ್ಕಂದಿರೇ, ಅವರು ಮಲಗಿದಾಗ ಕಿಟಕಿಗೆ ದಪ್ಪನೆ ಬಟ್ಟೆ ಹಾಕಿ, ಬಂದ ನೆಂಟರನ್ನು ಹೊರಗೇ ಕೂರಿಸಿ.

ಇಲ್ಲಿ ಮಾಲೀಕರೂ ಕೂತಿದ್ದೀರಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂದಿತ್ತು. ಹೋಗಿ ಬಂದ ಕೂಡಲೇ ಇನ್ನೊಂದು ಟ್ರಿಪ್ ಹೊರಡಿಸಿ, ಡ್ರೈವರ್ ನಿದ್ದೆ ಮಾಡಿದ ಅಂತ ಅವನ ಮೇಲೇ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಬಾಕಿ ಬೇಗ ಹೇಳುತ್ತೇನೆ.

ಕ್ವಾರ್ಟರ್ ಹಾಕಿದರೆ ಒಳ್ಳೆ ನಿದ್ದೆ ಅನ್ನುವವರಿಗೆ: ನಿದ್ದೆ ಬೇಗ ಹತ್ತುತ್ತದೆ, ನಿಜ. ಮೂರು ಗಂಟೆಗೆ ಎಚ್ಚರ ಆಗುವುದೂ ಅದರಿಂದಲೇ. ಗಂಟಲು ಇನ್ನೂ ಸಡಿಲ ಆಗುತ್ತದೆ, ಗೊರಕೆ ಏರುತ್ತದೆ, ಉಸಿರು ಕಟ್ಟುವುದೂ ಜಾಸ್ತಿ. ಮತ್ತೆ ಗೊರಕೆಗೇ ಬಂದೆ ನೋಡಿ.

ಒಂದು ಪ್ರಶ್ನೆ ಬಂದಿದೆ, ಉತ್ತರಕ್ಕೆ ತಲೆ ಹಾಕಿದರೆ ಭೂಮಿಯ ಅಯಸ್ಕಾಂತ ರಕ್ತದ ಕಬ್ಬಿಣವನ್ನು ಎಳೆಯುತ್ತದಂತೆ, ಹೌದಾ ಅಂತ. ಎಂಆರ್‌ಐ ಯಂತ್ರದ ಕಾಂತಶಕ್ತಿ ನಮ್ಮ ನೆಲದ ಕಾಂತಶಕ್ತಿಗಿಂತ 30,000 ಪಟ್ಟಿಗೂ ಜಾಸ್ತಿ. ಅದರೊಳಗೆ ಮಲಗಿ ಎದ್ದು ಬಂದವರು ಈ ಸಭೆಯಲ್ಲೇ ಇರಬಹುದು, ರಕ್ತ ಎಲ್ಲಿಗೂ ಹೋಗಿಲ್ಲ. ಹಿರಿಯರ ಪದ್ಧತಿ ಅಂತ ಪೂರ್ವಕ್ಕೆ ಮಲಗುತ್ತೀರಾ, ಮಲಗಿ. ಗೊರಕೆ ಮಾತ್ರ ದಿಕ್ಕು ನೋಡುವುದಿಲ್ಲ.

ಎದೆ ಮೇಲೆ ದೆವ್ವ ಕೂತ ಹಾಗಾಗುತ್ತದೆ, ಕೈಕಾಲು ಆಡಲ್ಲ ಅಂತ ಇನ್ನೊಬ್ಬರು ಬರೆದಿದ್ದಾರೆ. ಕನಸು ಬೀಳುವ ನಿದ್ದೆಯಲ್ಲಿ ದೇಹ ಕೈಕಾಲುಗಳನ್ನು ತಾನಾಗಿ ಸಡಿಲ ಬಿಟ್ಟಿರುತ್ತದೆ, ಕನಸಿನಲ್ಲಿ ಓಡಿದರೆ ನಿಜಕ್ಕೂ ಎದ್ದು ಓಡಬಾರದು ಅಂತ. ಅದು ಮುಗಿಯುವ ಮೊದಲೇ ಎಚ್ಚರ ಆದರೆ ಹೀಗಾಗುತ್ತದೆ. ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ತಾಯತಕ್ಕೆ ದುಡ್ಡು ಹಾಕಬೇಡಿ, ನಿದ್ದೆಗೆಟ್ಟವರಿಗೆ ಇದು ಜಾಸ್ತಿ, ಹೊತ್ತಿಗೆ ಸರಿಯಾಗಿ ಮಲಗಿ.

ಗಸಗಸೆ ಪಾಯಸದ ಪ್ರಶ್ನೆಗೆ ಉತ್ತರ ಊಟದ ಹೊತ್ತಿನಲ್ಲಿ ಕೊಡುತ್ತೇನೆ.

ಆ ಲಾರಿಯವರು ಏನಾದರು ಅಂತ ಹಿಂದಿನಿಂದ ಯಾರೋ ಕೇಳುತ್ತಿದ್ದಾರೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಅನ್ನುವ ವೈದ್ಯರು ಮೂಗಿನ ಮೂಲಕ ಹದವಾಗಿ ಗಾಳಿ ಒತ್ತಿ ಗಂಟಲು ಮುಚ್ಚದ ಹಾಗೆ ಮಾಡುವ ಉಪಾಯ ಪ್ರಕಟಿಸಿದರು. ಅದಕ್ಕೂ ಮೊದಲು ಕಾಯಿಲೆ ಜೋರಾಗಿದ್ದರೆ ಗಂಟಲಿಗೆ ತೂತು ಕೊರೆಯಬೇಕಿತ್ತು. ಈಗ ಅದು ತಲೆದಿಂಬಿನ ಪಕ್ಕ ಇಡುವ ಸಣ್ಣ ಯಂತ್ರ, ಸಿಪ್ಯಾಪ್ ಅಂತಾರೆ. ನಮ್ಮ ಲಾರಿಯವರು ಮೊದಮೊದಲು ಮಾಸ್ಕ್ ಕಿತ್ತೆಸೆಯುತ್ತಿದ್ದರು, ಹೆಂಡತಿ ಎದ್ದು ಮತ್ತೆ ಹಾಕುತ್ತಿದ್ದರು. ಈಗ ಲಾರಿಯಲ್ಲೂ ಬ್ಯಾಟರಿಗೆ ಹಾಕಿಕೊಂಡು ಮಲಗುತ್ತಾರೆ, ತೂಕವೂ ಸ್ವಲ್ಪ ಇಳಿಸಿದ್ದಾರೆ, ಬಿಪಿ ಮಾತ್ರೆ ಮೂರರಿಂದ ಒಂದಕ್ಕೆ ಬಂದಿದೆ. ಎಲ್ಲರಿಗೂ ಯಂತ್ರವೇ ಬೇಕಾಗುವುದಿಲ್ಲ. ಕೆಲವರಿಗೆ ತೂಕ ಇಳಿಸಿ ಮಗ್ಗಲಾಗಿ ಮಲಗಿದರೆ ಎಷ್ಟೋ ಕಡಿಮೆಯಾಗುತ್ತದೆ.

ಹೊರಗೆ ಮೇಜು ಹಾಕಿಸಿದ್ದೇನೆ. ಟೇಪು ಇದೆ, ಬಿಪಿ ಯಂತ್ರ ಇದೆ, ಇಬ್ಬರು ನರ್ಸ್ ಇದ್ದಾರೆ. ಕೊರಳ ಸುತ್ತಳತೆ 40 ಸೆಂಟಿಮೀಟರ್ ದಾಟಿದವರು, ಬಿಪಿ ಇರುವವರು, ಹಗಲು ತೂಕಡಿಸುವವರು ಹೆಸರು ಬರೆಸಿ. ಗಂಡಹೆಂಡತಿ ಒಟ್ಟಿಗೇ ಬನ್ನಿ. ರಾತ್ರಿ ಏನಾಗುತ್ತದೆ ಅಂತ ನಾನು ಕೇಳುವಾಗ ಗಂಡಸರು ಎರಡು ನಿಮಿಷ ಬಾಯಿ ಮುಚ್ಚಿಕೊಂಡಿರಬೇಕು, ಹೇಳಬೇಕಾದವರು ಅವರ ಪಕ್ಕದಲ್ಲಿ ಇರುತ್ತಾರೆ.