ಮ್ಯೂಸಿಕ್ ಪಿಸಿ ಕಟ್ಟುವವರೇ, ಮೊದಲು ಗೋಡೆಯ ಪ್ಲಗ್ ನೋಡಿ

ನಮಸ್ಕಾರ. ಮಂಗಳೂರಿನಲ್ಲಿ "ಹಾಡು ಮಾಡಲಿಕ್ಕೆ ಒಂದು ಕಂಪ್ಯೂಟರ್ ಅಸೆಂಬಲ್ ಮಾಡಬೇಕು" ಅಂತ ಬಾಯಿ ಬಿಟ್ಟರೆ ಸಾಕು, ಎದುರಿದ್ದವರು ಕೇಳುವ ಮೊದಲ ಪ್ರಶ್ನೆ: "ಗ್ರಾಫಿಕ್ ಕಾರ್ಡ್ ಯಾವುದು ಹಾಕುತ್ತೀರಿ?" ಎಂತಕ್ಕೆ ಮಾರಾಯ್ರೆ? ತುಳು ಆಲ್ಬಂಗೆ ಟ್ರ್ಯಾಕ್ ಮಾಡುವವರಿಗೆ, ಭಜನೆ ರೆಕಾರ್ಡ್ ಮಾಡುವವರಿಗೆ, ಕೊಂಕಣಿ ಮದುವೆಯ ಮುಂಚಿನ ರೋಸ್ ಶಾಸ್ತ್ರಕ್ಕೆ ಹಾಡು ಕಟ್ಟುವವರಿಗೆ ಅದರಿಂದ ಆಗುವ ಉಪಕಾರ ತೀರಾ ಕಡಿಮೆ. ಗೇಮ್ ಆಡುವವರ ಪಟ್ಟಿಯನ್ನು ಹಾಗೇ ನಕಲು ಮಾಡಿ, ಬಣ್ಣದ ಲೈಟು ಬೇರೆ ಹಾಕಿಸಿ, ಕೊನೆಗೆ ಮೈಕ್, ಗಿಟಾರನ್ನು ಪಿಸಿಗೆ ಜೋಡಿಸುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್‌ಫೇಸ್‌ಗೆ ದುಡ್ಡಿಲ್ಲ ಅಂತ ಕೂರುವವರು ನಮ್ಮಲ್ಲಿ ಜಾಸ್ತಿ.

ನಾನು ಹೇಳುವುದು ಇಷ್ಟೇ. ಕರಾವಳಿಯಲ್ಲಿ ಮ್ಯೂಸಿಕ್‌ಗೆ ಅಂತ ಪಿಸಿ ಕಟ್ಟುವವರು ಪಾರ್ಟ್ಸ್ ಪಟ್ಟಿಯನ್ನು ಗೋಡೆಯ ಪ್ಲಗ್‌ನಿಂದ ಶುರು ಮಾಡಬೇಕು. ಪ್ರಾಸೆಸರ್ ಆಮೇಲೆ.

ನಗಬೇಡಿ. ನಮ್ಮ ಕಡೆ ಹಳೆ ಮನೆಗಳಲ್ಲಿ ಅರ್ಥಿಂಗ್ ಅಂದರೆ ಹಿತ್ತಲಿನಲ್ಲಿ ಒಂದು ಗುಂಡಿ, ಅದಕ್ಕೆ ಇದ್ದಿಲು, ಉಪ್ಪು, ಒಂದು ಪೈಪು. ನೆಲವೋ ಮುರಕಲ್ಲು. ಮಳೆಗಾಲದಲ್ಲಿ ಒದ್ದೆ ಇರುತ್ತದೆ, ಮಾರ್ಚ್ ಬಂತೆಂದರೆ ಒಣಗಿ ಬಿರುಕು ಬಿಡುತ್ತದೆ, ಆ ಗುಂಡಿಗೆ ಯಾರೂ ನೀರು ಹಾಕುವುದಿಲ್ಲ, ಅಲ್ಲಿಗೆ ಅರ್ಥಿಂಗ್ ಹೆಸರಿಗೆ ಮಾತ್ರ ಉಂಟು ಅಂತ ಆಗುತ್ತದೆ. ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತದಲ್ಲ, ಅದು ಇದೇ. ಪಿಸಿಗೆ ಕರೆಂಟು ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಒಳಗೆ ಇರುವ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ಥ್‌ಗೆ ಬಿಡಬೇಕು. ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್‌ನ ತಗಡಿನಲ್ಲೇ ಉಳಿಯುತ್ತದೆ. ಗೇಮ್ ಆಡುವವನಿಗೆ ಇದು ಗೊತ್ತೇ ಆಗುವುದಿಲ್ಲ. ನಿಮಗೆ ಗೊತ್ತಾಗುತ್ತದೆ, ಯಾಕೆಂದರೆ ಗಿಟಾರ್ ಚುಚ್ಚಿದ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಹಮ್ ಶುರು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಮ್ ಕೂಡ 50ರಲ್ಲಿ, 100ರಲ್ಲಿ ಬರುತ್ತದೆ. ಬೇಸ್ ಗಿಟಾರ್ ಇರುವ ಜಾಗವೂ ಅದೇ. ಶಬ್ದದ ಯಾವ ಭಾಗ ಎಷ್ಟು ಕೇಳಬೇಕು ಅಂತ ತಿದ್ದುವ ಈಕ್ಯೂ ಹಾಕಿ ಕತ್ತರಿಸಿದರೆ ಬೇಸ್ ಕೂಡ ಜೊತೆಗೆ ಹೋಯಿತು.

ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಅನ್ನು ಕರೆದು ಅರ್ಥಿಂಗ್ ಅಳೆಸಿ. ಪಿಸಿ, ಇಂಟರ್‌ಫೇಸ್, ಸ್ಪೀಕರ್ ಎಲ್ಲವನ್ನೂ ಒಂದೇ ಸ್ಪೈಕ್ ಬಾಕ್ಸ್‌ಗೆ ಹಾಕಿ. ಇಂಟರ್‌ಫೇಸ್‌ನಿಂದ ಸ್ಪೀಕರ್‌ಗೆ ದಾರಿಯಲ್ಲಿ ಸೇರುವ ಗಲಾಟೆ ಕಳೆಯುವ ಬ್ಯಾಲೆನ್ಸ್ಡ್ ಕೇಬಲ್ ಎಳೆಯಿರಿ. ಮೌಸ್ ಓಡಿಸಿದಾಗ ಸ್ಪೀಕರ್‌ನಲ್ಲಿ ಕೀಂ ಕೀಂ ಅನ್ನುವ ಕಾಯಿಲೆಗೆ ಎಷ್ಟೋ ಸಲ ಇಷ್ಟೇ ಮದ್ದು. ಹಮ್ ಹೋಗಲಿ ಅಂತ ಅರ್ಥ್ ಪಿನ್ ಕತ್ತರಿಸುವ ಐಡಿಯಾ ಕೊಡುವವರು ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಹಾಗೆ ಮಾಡಿದರೆ ಜೀವಕ್ಕೇ ಅಪಾಯ.

ಇನ್ನು ಗುಡುಗು. ಏಪ್ರಿಲ್-ಮೇ ಸಂಜೆ, ಮತ್ತೆ ಅಕ್ಟೋಬರ್ ಹೊತ್ತಿಗೆ, ಮೋಡ ಕಪ್ಪಾದರೆ ಟಿವಿ ಪ್ಲಗ್ ಎಳೆಯುವ ಅಭ್ಯಾಸ ಮನೆಯಲ್ಲಿ ಅಜ್ಜಿಗೂ ಉಂಟು. ಪಿಸಿಗೂ ಅದೇ ಮರ್ಯಾದೆ ಕೊಡಿ. ಸರ್ಜ್ ಪ್ರೊಟೆಕ್ಟರ್ ಹಾಕಿ, ಆದರೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರ್ ಇದೆ, ಅದೇ ಸಾಕು ಅನ್ನುವವರು ಅದು ಸೈನ್ ವೇವ್ (ಲೈನಿನ ಕರೆಂಟಿನ ಹಾಗೆ ನಯವಾದ ಅಲೆ) ಹೌದಾ ಅಂತ ಮೊದಲು ನೋಡಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೂ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಿಗೂ ಅಷ್ಟಾಗಿ ಆಗಿಬರುವುದಿಲ್ಲ, ಹಮ್ ಬೇರೆ ಜಾಸ್ತಿಯಾಗುತ್ತದೆ.

ಗ್ರಾಫಿಕ್ ಕಾರ್ಡ್ ಬಿಟ್ಟರೆ ಸಿಗುವ ಲಾಭ ಇಲ್ಲಿ ಕಾಣುತ್ತದೆ. ಕಾರ್ಡ್ ಇಲ್ಲದ ಪಿಸಿಗೆ 450ರಿಂದ 550 ವ್ಯಾಟಿನ ಎಸ್‌ಎಂಪಿಎಸ್ ಧಾರಾಳ ಸಾಕು. ಹೆಸರಿರುವ ಕಂಪನಿಯದ್ದು, ಕರೆಂಟು ಪೋಲಾಗುವುದು ಕಡಿಮೆ ಅಂತ ಹೇಳುವ 80 ಪ್ಲಸ್ ಬ್ರಾಂಜ್ ಮುದ್ರೆ ಇರಲಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮಾತ್ರ ಬೇಡವೇ ಬೇಡ.

ಕಾರ್ಡ್ ಇಲ್ಲದಿದ್ದರೆ ಇನ್ನೊಂದು ಸುಖ, ಸದ್ದು ಕಡಿಮೆ. ನಮ್ಮಲ್ಲಿ ಹೆಚ್ಚಿನವರಿಗೆ ಸ್ಟುಡಿಯೋ ಅಂದರೆ ಒಂದೇ ಕೋಣೆ. ಪಿಸಿ ಅಲ್ಲೇ, ಮೈಕ್ ಅಲ್ಲೇ, ಹಾಡುವವರೂ ಅಲ್ಲೇ. ರೆಕಾರ್ಡ್ ಒತ್ತುವ ಮೊದಲು ಫ್ಯಾನ್ ಆಫ್, ಎಸಿ ಇದ್ದರೆ ಅದೂ ಆಫ್. ಏಪ್ರಿಲ್ ಸೆಕೆಯಲ್ಲಿ ಎರಡು ಟೇಕ್ ಆಗುವಾಗ ಹಾಡುವವರು ಬೆವರಿ ಒದ್ದೆ, ಪಿಸಿ ಬಿಸಿಯಾಗಿ ಅದರ ಪುಟ್ಟ ಫ್ಯಾನ್ ಬೊಬ್ಬೆ ಹೊಡೆಯಲು ಶುರು ಮಾಡುತ್ತದೆ, ಕಂಡೆನ್ಸರ್ ಮೈಕ್ ಅದನ್ನೂ ಹಾಡಿನಷ್ಟೇ ಶ್ರದ್ಧೆಯಿಂದ ಹಿಡಿಯುತ್ತದೆ. ಹಾಗಾಗಿ ಪ್ರಾಸೆಸರ್ ಜೊತೆ ಬರುವ ಕೂಲರ್ ಬಿಟ್ಟು ದೊಡ್ಡ ಟವರ್ ಕೂಲರ್ ಹಾಕಿ, ಕ್ಯಾಬಿನೆಟ್‌ಗೆ 120 ಅಥವಾ 140 ಮಿಲಿಮೀಟರಿನ ಫ್ಯಾನ್ ಹಾಕಿ ನಿಧಾನ ತಿರುಗಿಸಿ. ಪ್ರಾಸೆಸರ್ ಕೂಡ ಬಿಸಿ ಕಡಿಮೆಯಾಗುವ 65 ವ್ಯಾಟ್ ವರ್ಗದ್ದೇ ಇರಲಿ. ಹಂಚಿನ ಮನೆಯವರಿಗೆ ಒಂದು ಮಾತು: ಜೂನ್ ಮಳೆಯ ಸದ್ದಿಗೆ ಯಾವ ಪಾರ್ಟೂ ಇಲ್ಲ. ಮಳೆಗಾಲದಲ್ಲಿ ಮೊದಲೇ ರೆಕಾರ್ಡ್ ಆದದ್ದರ ಮಿಕ್ಸಿಂಗ್ ಮಾಡಿ.

ಸರಿ, ಪ್ರಾಸೆಸರ್. ಒಂದು ಟ್ರ್ಯಾಕ್ ಮೇಲೆ ಈಕ್ಯೂ, ಆಮೇಲೆ ಸದ್ದಿನ ಏರುಪೇರು ಸಮ ಮಾಡುವ ಕಂಪ್ರೆಸರ್, ಆಮೇಲೆ ಪ್ರತಿಧ್ವನಿ ಕೊಡುವ ರಿವರ್ಬ್ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಒಂದು ಮುಗಿಯದೆ ಇನ್ನೊಂದು ಶುರುವಾಗುವಂತಿಲ್ಲ, ಅದಕ್ಕೇ ಆ ಇಡೀ ಸಾಲು ಸಾಮಾನ್ಯವಾಗಿ ಒಂದೇ ಕೋರ್ (ಪ್ರಾಸೆಸರ್ ಒಳಗೆ ಲೆಕ್ಕ ಮಾಡುವ ಒಂದು ಘಟಕ) ಮೇಲೆ ಬೀಳುತ್ತದೆ. ಊಟದ ಪಂಕ್ತಿಯಲ್ಲಿ ಅನ್ನ ಬರದೆ ಸಾರು ಬಂದರೆ ಬಡಿಸುವವರು ಎಷ್ಟು ಜನ ಇದ್ದರೇನು? ಬೇರೆ ಬೇರೆ ಟ್ರ್ಯಾಕ್‌ಗಳನ್ನು ಕೋರ್‌ಗಳು ಹಂಚಿಕೊಳ್ಳುತ್ತವೆ, ನಿಜ. ಆದರೆ ಮೊದಲ ಪಿಸಿಗೆ 16 ಕೋರ್‌ಗಿಂತ ವೇಗದ 6 ಅಥವಾ 8 ಕೋರ್ ಒಳ್ಳೆಯದು. ಒಳಗೇ ಗ್ರಾಫಿಕ್ಸ್ ಇರುವುದನ್ನೇ ತೆಗೆದುಕೊಳ್ಳಿ. ಇಂಟೆಲ್‌ನಲ್ಲಿ ನಂಬರಿನ ಕೊನೆಗೆ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಎಎಂಡಿಯಲ್ಲಿ ರೈಜೆನ್ 5 5600ಗೆ ಇಲ್ಲ, 5600ಜಿಗೆ ಉಂಟು. ಸ್ವಲ್ಪ ಅಗ್ಗ ಅಂತ 'ಎಫ್' ತಂದರೆ ಸ್ಕ್ರೀನ್ ಕಾಣಲಿಕ್ಕೇ ಒಂದು ಕಾರ್ಡ್ ತರಬೇಕಾಗುತ್ತದೆ.

ಲೇಟೆನ್ಸಿ, ಅಂದರೆ ನುಡಿಸಿದ್ದು ಕಿವಿಗೆ ಬರುವಾಗ ಆಗುವ ತಡ, ಇದರ ಬಗ್ಗೆ ಎಲ್ಲರಿಗೂ ಹೆದರಿಕೆ. ಲೆಕ್ಕ ಸುಲಭ: ಸೆಕೆಂಡಿಗೆ 48,000 ಸ್ಯಾಂಪಲ್, ಪಿಸಿ ಒಮ್ಮೆಗೆ ತೆಗೆದುಕೊಳ್ಳುವ ತುಂಡು, ಅಂದರೆ ಬಫರ್, 128 ಸ್ಯಾಂಪಲ್ ಇಟ್ಟರೆ ಒಂದು ಕಡೆಗೆ ಸುಮಾರು 2.7 ಮಿಲಿಸೆಕೆಂಡ್ ತಡ. ಒಳಗೆ ಬಂದು ಹೊರಗೆ ಹೋಗುವುದಕ್ಕೆ ಅದರ ದುಪ್ಪಟ್ಟು, ಮೇಲೆ ಇಂಟರ್‌ಫೇಸ್‌ನದ್ದು ಸ್ವಲ್ಪ. ಶಬ್ದ ಪಿಸಿಯಿಂದಲೇ ಬರುವ ಮಿಡಿ ಕೀಬೋರ್ಡ್‌ನಲ್ಲಿ ಪಿಯಾನೋ ನುಡಿಸುವವರಿಗೆ ಇದು ಮುಖ್ಯ. ಬರೀ ಹಾಡು, ಚೆಂಡೆ, ಮದ್ದಳೆ ಮೈಕ್‌ನಲ್ಲಿ ತೆಗೆಯುವವರು ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ಮುಗಿಯಿತು, ಶಬ್ದ ಪಿಸಿಯನ್ನು ಸುತ್ತಿ ಬರುವುದೇ ಇಲ್ಲ. ಅಂಥವರು ಪ್ರಾಸೆಸರ್‌ನಲ್ಲಿ ಉಳಿಸಿ ಇಂಟರ್‌ಫೇಸ್‌ಗೆ ಹಾಕಿ. ವಿಂಡೋಸ್‌ನಲ್ಲಾದರೆ ತಡ ಕಡಿಮೆ ಮಾಡುವ ತನ್ನದೇ ಆಸಿಯೋ (ASIO) ಡ್ರೈವರ್ ಇರುವ ಇಂಟರ್‌ಫೇಸ್ ನೋಡಿ. ಎಲ್ಲ ಸರಿ ಇದ್ದೂ ಪಟ್ ಪಟ್ ಸದ್ದು ಬಂದರೆ ವೈಫೈ ಆಫ್ ಮಾಡಿ ನೋಡಿ. ಎಷ್ಟೋ ಸಲ ಕಳ್ಳ ಆ ವೈಫೈ ಡ್ರೈವರೇ.

ರ‍್ಯಾಮ್ 16 ಜಿಬಿ ಇದ್ದರೂ ನಡೆಯುತ್ತದೆ, ಆದರೆ ವಯಲಿನ್ ಗುಂಪು, ಆರ್ಕೆಸ್ಟ್ರಾ ಅಂತ ವಾದ್ಯಗಳ ಶಬ್ದ ತುಂಬಿದ ದೊಡ್ಡ ಲೈಬ್ರರಿ ಲೋಡ್ ಮಾಡುವವರಿಗೆ 32 ಬೇಕು. ಎರಡು ಕಡ್ಡಿಯಾಗಿ ಹಾಕಿ. ಆ ಲೈಬ್ರರಿಗಳು ಪ್ರತಿ ಸ್ವರದ ಶುರುವನ್ನು ರ‍್ಯಾಮ್‌ನಲ್ಲಿಟ್ಟು ಉಳಿದದ್ದನ್ನು ಡಿಸ್ಕ್‌ನಿಂದ ಓದುತ್ತವೆ, ಅದಕ್ಕೇ ಎಸ್‌ಎಸ್‌ಡಿ. ಹಳೆ ಹಾರ್ಡ್‌ಡಿಸ್ಕ್ ಬ್ಯಾಕಪ್‌ಗೆ ಇರಲಿ.

ಮದರ್‌ಬೋರ್ಡ್ ಬಗ್ಗೆ ಉದ್ದ ಮಾತು ಬೇಡ. ಯುಎಸ್‌ಬಿ ಜಾಸ್ತಿ ಇರಲಿ, ಎಸ್‌ಎಸ್‌ಡಿ ಕೂರಿಸುವ ಎಂ.2 ಜಾಗ ಎರಡು ಇರಲಿ. ಕ್ಯಾಬಿನೆಟ್ ನೆಲದ ಮೇಲೆ ಇಡಬೇಡಿ, ಮಳೆಗಾಲದಲ್ಲಿ ನಮ್ಮ ನೆಲವೇ ಬೆವರುತ್ತದೆ. ಸುರತ್ಕಲ್, ಮಲ್ಪೆ ಅಂತ ಕಡಲ ಬದಿಯಲ್ಲಿ ಇರುವವರಿಗೆ ಉಪ್ಪುಗಾಳಿಯೂ ಸೇರಿತು. ಕೆಲಸ ಇಲ್ಲದಿದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಆನ್ ಮಾಡಿಡಿ, ಒಳಗೆ ಬೆಚ್ಚಗಿದ್ದರೆ ತೇವ ಕೂರುವುದಿಲ್ಲ. ಮೈಕ್ ಅನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ.

ಮ್ಯಾಕ್ ಮಿನಿ ಆಗುವುದಿಲ್ಲವಾ ಅಂತ ಕೇಳುತ್ತೀರಿ. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಸದ್ದಿಲ್ಲ, ಕರೆಂಟು ಕಡಿಮೆ, 2024ರ ಮಾಡೆಲ್‌ನಿಂದ 16 ಜಿಬಿ ರ‍್ಯಾಮ್ ಶುರುವಿನಲ್ಲೇ ಬರುತ್ತದೆ. ಆದರೆ ಆ ರ‍್ಯಾಮ್ ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ಸ್ಕ್ರೂ ಡ್ರೈವರ್ ಕಂಡರೆ ಕೈ ನಡುಗುವವರು ಅದನ್ನೇ ತೆಗೆದುಕೊಳ್ಳಿ, ನನಗೇನೂ ಬೇಜಾರಿಲ್ಲ.

ಎಲ್ಲಿ ಕೊಳ್ಳುವುದು? ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಅಂಗಡಿಗಳ ಎಸ್‌ಪಿ ರೋಡ್ ಸುತ್ತಿದರೆ ಸ್ವಲ್ಪ ಉಳಿಯಬಹುದು. ಆದರೆ ರ‍್ಯಾಮ್ ಕೈಕೊಟ್ಟರೆ ಮತ್ತೆ ಶಿರಾಡಿ ಘಾಟಿ ಹತ್ತಬೇಕಲ್ಲ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಊರಿನ ಅಂಗಡಿಯೇ ಲೇಸು. ಬಿಲ್ ಮೇಲೆ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಅಂಗಡಿಯಲ್ಲೇ ಒಮ್ಮೆ ಆನ್ ಮಾಡಿಸಿ ಫ್ಯಾನ್ ಸದ್ದು ಕಿವಿಗೊಟ್ಟು ಕೇಳಿ.

ಮೈಕ್ ಯಾವುದು ಅಂತ ತುಂಬಾ ಜನ ಕೇಳಿದ್ದೀರಿ. ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ, ನಾಲ್ಕು ಮೈಕ್ ಪಕ್ಕಪಕ್ಕ ಇಟ್ಟು ಕೇಳಿಸುತ್ತೇನೆ. ಮಳೆ ಒಮ್ಮೆ ನಿಲ್ಲಲಿ.